ಬಿಸಿಲಿಗೆ ಮೈ ಕೆಟ್ಟಾಗ ದೋಷ ಎಲ್ಲಿದೆ ಅಂತ ಪತ್ತೆ ಹಚ್ಚುವುದು ಹೇಗೆ

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರು, ವಿಜಯಪುರದ ಕಡೆ ಯಾರಾದರೂ ತಲೆ ತಿರುಗಿ ಕೂತುಬಿಟ್ಟರೆ ಸುತ್ತ ಇದ್ದವರು ಮಾಡುವುದು ಒಂದೇ ಕೆಲಸ. ನೆರಳಿಗೆ ಕರೆತರುತ್ತಾರೆ, ಮುಖಕ್ಕೆ ನೀರು ಚಿಮುಕಿಸುತ್ತಾರೆ, ಒಂದು ಚೊಂಬು ನೀರು ಕುಡಿಸುತ್ತಾರೆ, ಯಾರೋ ಒಬ್ಬರು ಈರುಳ್ಳಿ ಹುಡುಕುತ್ತಾರೆ. ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತದೆ. (ಈರುಳ್ಳಿಯಿಂದ ಅಲ್ಲ. ಅದನ್ನು ಜೇಬಲ್ಲಿ ಇಟ್ಟುಕೊಂಡರೆ ಹಾನಿಯಿಲ್ಲ, ಲಾಭವೂ ಇಲ್ಲ.)

ತೊಂದರೆ ಎಲ್ಲಿದೆ ಅಂದರೆ, ತಲೆಸುತ್ತು, ಬೆವರು, ವಾಂತಿ, ಸುಸ್ತು ಇವೆಲ್ಲ ಐದು ಬೇರೆ ಬೇರೆ ದೋಷಗಳಲ್ಲಿ ಹೆಚ್ಚುಕಮ್ಮಿ ಒಂದೇ ಥರ ಕಾಣಿಸುತ್ತವೆ: ಮೈಯ ಶಾಖ ಏರಿರಬಹುದು, ನೀರು ಇಳಿದಿರಬಹುದು, ಉಪ್ಪು ಇಳಿದಿರಬಹುದು, ಸಕ್ಕರೆ ಇಳಿದಿರಬಹುದು, ಇಲ್ಲವೇ ಬಿಪಿ ಬಿದ್ದಿರಬಹುದು. ಒಂದಕ್ಕೆ ಸರಿಯಾದ ಉಪಾಯ ಇನ್ನೊಂದಕ್ಕೆ ಅಪಾಯ. ಉಪ್ಪು ಇಳಿದವರಿಗೆ ಬರೀ ನೀರು ಕುಡಿಸುತ್ತಾ ಹೋದರೆ ಮೆದುಳು ಊದಿಕೊಳ್ಳುತ್ತದೆ. ಅರೆಪ್ರಜ್ಞೆಯಲ್ಲಿ ಇರುವವರ ಬಾಯಿಗೆ ಏನು ಹಾಕಿದರೂ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಅದಕ್ಕೇ ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ಅನ್ನುವ ಕ್ರಮ ಮುಖ್ಯ.

ಕ್ರಮಕ್ಕೆ ಹೋಗುವ ಮುಂಚೆ ಒಂದು ಮಾತು. ನಾವು ಲಕ್ಷಣ ಅಂತ ಕರೆಯುವುದರಲ್ಲಿ ಬಹುಪಾಲು ದೋಷವೇ ಅಲ್ಲ, ಅದು ಮೈ ತಾನೇ ಮಾಡಿಕೊಳ್ಳುತ್ತಿರುವ ರಿಪೇರಿ. ಬೆವರು ರಿಪೇರಿ. ಬಾಯಾರಿಕೆ ರಿಪೇರಿ. ಎದೆ ಡವಡವ ಅನ್ನುವುದು, ಮೂತ್ರ ಕಡಿಮೆಯಾಗುವುದು, ಸಕ್ಕರೆ ಇಳಿದಾಗ ಕೈ ನಡುಗುವುದು, ಎಲ್ಲವೂ ರಿಪೇರಿಯೇ. ಇವು ಕಾಣುತ್ತಿವೆ ಅಂದರೆ ಒಳಗೆ ವ್ಯವಸ್ಥೆ ಇನ್ನೂ ಓಡುತ್ತಿದೆ, ಅದಕ್ಕೆ ನಾವು ಕೈಜೋಡಿಸಿದರೆ ಸಾಕು. ಹೆದರಬೇಕಾದದ್ದು ಆ ರಿಪೇರಿ ಸೋತಾಗ, ಮತ್ತೆ ಅದು ಸೋತಿದೆ ಅಂತ ಮೊದಲು ತೋರಿಸಿಕೊಡುವುದು ಚರ್ಮವಲ್ಲ, ಮೆದುಳು.

ಸರಿ ಇರುವಾಗ ಏನು ನಡೆಯುತ್ತದೆ

ಮೈಯ ಒಳಗಿನ ಶಾಖ 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇರಬೇಕು. ದಿನದಲ್ಲಿ ಅರ್ಧ ಡಿಗ್ರಿ ಆಚೀಚೆ ಆಗುವುದು ಮಾಮೂಲು. ಇದನ್ನು ನೋಡಿಕೊಳ್ಳುವುದು ಮೆದುಳಿನ ಬುಡದಲ್ಲಿರುವ ಹೈಪೋಥಲಾಮಸ್ ಅನ್ನುವ ಸಣ್ಣ ಭಾಗ. ರಕ್ತ ಬಿಸಿಯಾಯಿತು ಅಂತ ಗೊತ್ತಾದ ತಕ್ಷಣ ಅದು ಎರಡು ಕೆಲಸ ಮಾಡಿಸುತ್ತದೆ: ಚರ್ಮದ ಕೆಳಗಿನ ರಕ್ತನಾಳಗಳನ್ನು ಅಗಲ ಮಾಡಿಸಿ ಬಿಸಿ ರಕ್ತವನ್ನು ಹೊರಮೈಗೆ ತರಿಸುತ್ತದೆ, ಬೆವರು ಸುರಿಸುತ್ತದೆ. ಶಾಖ ಇಳಿದರೆ ಎರಡನ್ನೂ ಕಡಿಮೆ ಮಾಡಿಸುತ್ತದೆ. ನೀರು, ಉಪ್ಪು, ಸಕ್ಕರೆ, ಬಿಪಿ ಎಲ್ಲಕ್ಕೂ ಇಂಥದೇ ಏರಿಳಿತ ನೋಡಿ ಸರಿಪಡಿಸುವ ಏರ್ಪಾಡು ಇದೆ. 1920ರ ದಶಕದಲ್ಲಿ ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ಇದೆಲ್ಲವನ್ನೂ ಸೇರಿಸಿ ಹೋಮಿಯೋಸ್ಟಾಸಿಸ್ ಅಂತ ಕರೆದರು.

ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಮೈಯಿಂದ ಸುಮಾರು 580 ಕಿಲೋ ಕ್ಯಾಲೊರಿ ಶಾಖ ಹೊತ್ತುಕೊಂಡು ಹೋಗುತ್ತದೆ. ಇಲ್ಲಿ ಆವಿಯಾದರೆ ಅನ್ನುವುದೇ ಮುಖ್ಯ. ಮೂಗಿನ ತುದಿಯಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಮೈ ತಂಪಾಗುವುದಿಲ್ಲ, ನೀರು, ಉಪ್ಪು ಸುಮ್ನೆ ಖರ್ಚು ಅಷ್ಟೇ. ಮಂಗಳೂರಿನಲ್ಲಿ 34 ಡಿಗ್ರಿಗೇ ಜೀವ ಹಿಂಡಿದಂತೆ ಆಗುವುದಕ್ಕೆ ಕಾರಣ ಇದು, ಗಾಳಿಯಲ್ಲಿ ಆಗಲೇ ತೇವ ತುಂಬಿರುವುದರಿಂದ ಬೆವರು ಹಾರುವುದಿಲ್ಲ. ಕಲಬುರಗಿಯದು ಇದರ ಉಲ್ಟಾ. 42 ಡಿಗ್ರಿಯ ಒಣ ಗಾಳಿಯಲ್ಲಿ ಬೆವರು ಬಂದ ಹಾಗೇ ಹಾರಿಹೋಗುತ್ತದೆ, ಅಂಗಿ ಒದ್ದೆಯಾಗುವುದೇ ಇಲ್ಲ, ಅಂಗಿಯ ಬೆನ್ನ ಮೇಲೆ ಬಿಳಿ ಉಪ್ಪಿನ ಗೆರೆ ಮಾತ್ರ ಉಳಿಯುತ್ತದೆ. ಬೆವರೇ ಬರಲಿಲ್ಲವಲ್ಲ ಅಂದುಕೊಂಡು ಜನ ನೀರು ಕುಡಿಯುವುದನ್ನೇ ಮರೆಯುತ್ತಾರೆ. ಬಿಸಿಲಲ್ಲಿ ಮೈಮುರಿದು ದುಡಿಯುವವರಿಗೆ ಗಂಟೆಗೆ ಒಂದು ಲೀಟರ್ ಬೆವರು ಹೋಗುವುದು ದೊಡ್ಡ ವಿಷಯವೇ ಅಲ್ಲ.

ಮೊದಲ ಪರೀಕ್ಷೆ: ಮಾತಾಡಿಸಿ ನೋಡಿ

ಥರ್ಮಾಮೀಟರ್ ಹುಡುಕಬೇಡಿ, ಬಿಪಿ ಮೆಷಿನ್ ಹುಡುಕಬೇಡಿ. ಮೊದಲು ಮಾತಾಡಿಸಿ.

"ಕಾಕಾ, ಇವತ್ತು ಯಾವ ವಾರ ಹೇಳ್ರಿ? ಊಟ ಏನ್ ಮಾಡೀರಿ?" ಅಂತ ಕೇಳಿ. ಉತ್ತರ ಸರಿಯಾಗಿ, ಮಾಮೂಲಿ ವೇಗದಲ್ಲಿ ಬಂದರೆ ನಿಮಗೆ ಸಮಯ ಇದೆ. ಉತ್ತರ ತೊದಲಿದರೆ, ಕೇಳಿದ್ದೊಂದು ಹೇಳಿದ್ದೊಂದು ಆದರೆ, ಸುಮ್ಮನೆ ರೇಗಿದರೆ, ಅಥವಾ ಮುಖ ನೋಡುತ್ತಾ ಕೂತುಬಿಟ್ಟರೆ, ಆಗ ಸಮಯ ಇಲ್ಲ.

ಸ್ಲ್ಯಾಬ್ ಹಾಕುವ ದಿನ ಇದನ್ನು ಹತ್ತಿರದಿಂದ ನೋಡಬಹುದು. ಕಾಂಕ್ರೀಟ್ ಮಧ್ಯೆ ನಿಲ್ಲಿಸುವ ಹಾಗಿಲ್ಲ, ಹಾಗಾಗಿ ಮಧ್ಯಾಹ್ನ ಎರಡು ಗಂಟೆಗೂ ಬಾಂಡ್ಲಿ ಕೈಯಿಂದ ಕೈಗೆ ಓಡುತ್ತಲೇ ಇರುತ್ತದೆ. ಸಾಲಿನಲ್ಲಿ ಒಬ್ಬ ಹುಡುಗ, ಬೆಳಿಗ್ಗೆಯಿಂದ ತಮಾಷೆ ಮಾಡುತ್ತಿದ್ದವನು, ಇದ್ದಕ್ಕಿದ್ದಂತೆ ಪಕ್ಕದವನ ಮೇಲೆ ರೇಗುತ್ತಾನೆ. ಬಾಂಡ್ಲಿ ಹಿಡಿಯುವಾಗ ಕೈ ತಪ್ಪುತ್ತದೆ. ಕೂತ್ಕೋ ಅಂದರೆ ಕೂರುವುದಿಲ್ಲ, ನನಗೇನೂ ಆಗಿಲ್ಲ ಅನ್ನುತ್ತಾನೆ. ಮೇಸ್ತ್ರಿ ಇವನು ಕುಡಿದು ಬಂದಿದ್ದಾನೆ ಅಂದುಕೊಳ್ಳುತ್ತಾನೆ. ಮೈ ತುಂಬ ಬೆವರು ಬೇರೆ ಇದೆ, ಹಾಗಾಗಿ ಬಿಸಿಲ ಹೊಡೆತ ಇರಲಿಕ್ಕಿಲ್ಲ ಅಂತ ಇನ್ನೊಬ್ಬರು ಸೇರಿಸುತ್ತಾರೆ. ಇದು ತಪ್ಪು ಲೆಕ್ಕ. ಬಿಸಿಲ ಹೊಡೆತದಲ್ಲಿ ಚರ್ಮ ಒಣಗಿರಲೇಬೇಕು ಅಂತ ಏನೂ ಇಲ್ಲ. ಮನೆಯೊಳಗೆ ಎರಡು ಮೂರು ದಿನ ಬೆಂದ ಮುದುಕರಲ್ಲಿ ಚರ್ಮ ಒಣಗಿರುವುದು ಜಾಸ್ತಿ, ದುಡಿಯುತ್ತಾ ಬಿದ್ದ ಯುವಕರಲ್ಲಿ ಬೆವರು ಹರಿಯುತ್ತಲೇ ಇರಬಹುದು. ಒಳಗಿನ ಶಾಖ 40 ಡಿಗ್ರಿ ದಾಟಿ, ಅದರ ಜೊತೆ ಬುದ್ಧಿ ಮಂಕಾದರೆ, ಫಿಟ್ಸ್ ಬಂದರೆ, ಪ್ರಜ್ಞೆ ತಪ್ಪಿದರೆ ಅದು ಹೀಟ್ ಸ್ಟ್ರೋಕ್. ಬೆವರು ಇದೆಯೋ ಇಲ್ಲವೋ ಅನ್ನುವುದರಿಂದ ಇದು ತೀರ್ಮಾನ ಆಗುವುದಿಲ್ಲ.

ಹೀಗಿದ್ದರೆ 108ಕ್ಕೆ ಫೋನ್ ಮಾಡಿಸಿ. ಆದರೆ ಆಂಬುಲೆನ್ಸ್ ಬರುವವರೆಗೆ ಕೈಕಟ್ಟಿ ನಿಲ್ಲಬೇಡಿ, ಯಾಕಂದರೆ ಒಳಗಿನ ಅಂಗಗಳಿಗೆ ಎಷ್ಟು ಏಟು ಬೀಳುತ್ತದೆ ಅನ್ನುವುದು ಎಷ್ಟು ಹೊತ್ತು ಅಷ್ಟು ಬಿಸಿಯಲ್ಲಿದ್ದರು ಅನ್ನುವುದರ ಮೇಲೆ ನಿಂತಿದೆ. ಮೊದಲ ಅರ್ಧ ಗಂಟೆಯಲ್ಲೇ ಶಾಖ ಇಳಿಸಬೇಕು. ಅಂಗಿ ತೆಗೆಯಿರಿ. ಕ್ಯೂರಿಂಗ್‌ಗೆ ಇಟ್ಟ ಪೈಪ್ ಇದ್ದರೆ ಅದರಿಂದಲೇ ಮೈ ಪೂರ್ತಿ ನೆನೆಸಿ (ಬಿಸಿಲಲ್ಲಿ ಬಿದ್ದಿದ್ದ ಪೈಪಿನ ಮೊದಲ ನೀರು ಕುದಿಯುತ್ತಿರುತ್ತದೆ, ಅದನ್ನು ಹೊರಗೆ ಬಿಟ್ಟುಬಿಡಿ), ಟವೆಲ್ಲಿನಿಂದ, ರಟ್ಟಿನಿಂದ, ಕೈಗೆ ಸಿಕ್ಕಿದ್ದರಿಂದ ಗಾಳಿ ಬೀಸಿ. ಐಸ್ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ದುಡಿಯುತ್ತಾ ಬಿದ್ದ ಗಟ್ಟಿಮುಟ್ಟಾದ ಆಳಾದರೆ ತಣ್ಣೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಇಳಿಸಿ ತಲೆ ಹಿಡಿದುಕೊಳ್ಳುವುದೇ ಎಲ್ಲಕ್ಕಿಂತ ವೇಗದ ದಾರಿ. ಬಾಯಿಗೆ ಏನೂ ಹಾಕಬೇಡಿ.

ಬುದ್ಧಿ ಮಂಕಾಗಿ ಮೈ ತಣ್ಣಗಿದ್ದರೆ ಅದು ಬೇರೆ ಕಥೆ. ಸಕ್ಕರೆ ಭಾಗಕ್ಕೆ ಹೋಗಿ. ಬಾಯಿ ಸೊಟ್ಟಗಾಗಿದ್ದರೆ, ಒಂದು ಕೈ ಎತ್ತಲು ಆಗದಿದ್ದರೆ ಅದು ಪಾರ್ಶ್ವವಾಯು, ತಡಮಾಡದೆ ಆಸ್ಪತ್ರೆ. ಎದೆ ಹಿಂಡಿದಂತಾಗಿ ತಣ್ಣನೆ ಬೆವರು ಬಂದರೆ ಹೃದಯ. ಬಿಸಿಲಿಗೆ ಹೀಗಾಗಿದೆ ಅಂತ ಇವನ್ನು ತಳ್ಳಿಹಾಕಬೇಡಿ.

ಶಾಖ ಅಳೆಯುವಾಗ, ಮತ್ತೆ ಆ ಪ್ಯಾರಾಸಿಟಮಾಲ್ ವಿಷಯ

ಮನೆಯಲ್ಲಿರುವ ಡಿಜಿಟಲ್ ಥರ್ಮಾಮೀಟರ್ ಕಂಕುಳಲ್ಲಿ ಇಟ್ಟರೆ ಒಳಗಿನ ಶಾಖಕ್ಕಿಂತ ಅರ್ಧದಿಂದ ಒಂದು ಡಿಗ್ರಿ ಕಡಿಮೆ ತೋರಿಸುತ್ತದೆ. ಬೆವರಿದ ಕಂಕುಳಾದರೆ ಇನ್ನೂ ಕಡಿಮೆ. ಹಣೆಗೆ ಹಿಡಿಯುವ ಗನ್ ಥರದ್ದು ಬಿಸಿಲಿನಿಂದ ಈಗಷ್ಟೇ ಬಂದವರಿಗೆ ಜಾಸ್ತಿ ತೋರಿಸುತ್ತದೆ, ಬೆವರು ಆರುತ್ತಿರುವ ಹಣೆಗೆ ಕಡಿಮೆ ತೋರಿಸುತ್ತದೆ, ಈ ಕೆಲಸಕ್ಕೆ ಅದನ್ನು ನಂಬಲೇಬೇಡಿ. ಫ್ಯಾರನ್‌ಹೀಟ್ ಅಭ್ಯಾಸ ಇದ್ದವರಿಗೆ: 98.6 ಅಂದರೆ 37, 104 ಅಂದರೆ 40. ಥರ್ಮಾಮೀಟರ್ 102 ತೋರಿಸುತ್ತಿದೆ, ಆದರೆ ಮಾತು ತೊದಲುತ್ತಿದೆ ಅಂದರೆ ಮಾತನ್ನು ನಂಬಿ, ಥರ್ಮಾಮೀಟರನ್ನು ಅಲ್ಲ.

ಈಗ, ಮೈ ಸುಡುತ್ತಿದೆ ಅಂದ ಕೂಡಲೇ ಮಾತ್ರೆ ನುಂಗಿಸುವವರಿಗೆ. ಜ್ವರ ಬೇರೆ, ಬಿಸಿಲ ಶಾಖ ಬೇರೆ. ಜ್ವರದಲ್ಲಿ ಗೀಸರಿನ ಗುಂಡಿಯನ್ನು ಯಾರೋ ಮೇಲಕ್ಕೆ ತಿರುಗಿಸಿದ ಹಾಗೆ, ಸೋಂಕಿನ ವಿರುದ್ಧ ಹೋರಾಡಲು ಮೆದುಳೇ 39 ಬೇಕು ಅಂತ ತೀರ್ಮಾನಿಸಿರುತ್ತದೆ. ಅದಕ್ಕೇ ಜ್ವರ ಏರುವಾಗ ಮೈ ಬಿಸಿ ಇದ್ದರೂ ಚಳಿ ಆಗುತ್ತದೆ, ನಡುಕ ಬರುತ್ತದೆ, ಕಂಬಳಿ ಬೇಕು ಅನ್ನಿಸುತ್ತದೆ. ಪ್ಯಾರಾಸಿಟಮಾಲ್ ಕೆಲಸ ಮಾಡುವುದು ಆ ಗುಂಡಿಯ ಮೇಲೆ. ಬಿಸಿಲ ಹೊಡೆತದಲ್ಲಿ ಗುಂಡಿ 37ರಲ್ಲೇ ಇರುತ್ತದೆ, ಶಾಖ ಹೊರಗೆ ಹಾಕುವ ದಾರಿ ಮುಚ್ಚಿರುತ್ತದೆ. ಅಲ್ಲಿ ಪ್ಯಾರಾಸಿಟಮಾಲ್ ಕೊಟ್ಟು ಏನೂ ಪ್ರಯೋಜನ ಇಲ್ಲ, ಆಗಲೇ ಏಟು ತಿಂದಿರುವ ಲಿವರ್‌ಗೆ ಇನ್ನೊಂದು ಹೊರೆ. ವ್ಯತ್ಯಾಸ ಹೇಗೆ ತಿಳಿಯುವುದು? ಚಳಿ ಅಂತಿದ್ದಾರಾ, ಸೆಖೆ ಅಂತಿದ್ದಾರಾ ಕೇಳಿ. ಬಿಸಿಲಿಗೆ ಹೋಗುವ ಮುಂಚೆಯೇ ಮೈಕೈ ನೋವು, ಗಂಟಲು ನೋವು, ಕೆಮ್ಮು ಇತ್ತಾ ಕೇಳಿ. ಅನುಮಾನ ಇದ್ದರೆ ತಣ್ಣಗೆ ಮಾಡಿ, ಅದರಿಂದ ಇಬ್ಬರಿಗೂ ನಷ್ಟವಿಲ್ಲ.

ಮಾತು ಸರಿಯಿದೆ, ಆದರೂ ಎದ್ದರೆ ಕಣ್ಣು ಕತ್ತಲೆ

ಇದು ಸುಲಭದ್ದು. ಶಾಖ ಹೊರಹಾಕಲು ಚರ್ಮದ ರಕ್ತನಾಳಗಳು ಅಗಲವಾಗಿವೆ, ನಿಂತಾಗ ರಕ್ತ ಕಾಲಿಗೆ ಇಳಿಯುತ್ತದೆ, ಬೆವರಿನಿಂದ ಒಟ್ಟು ರಕ್ತದ ನೀರೂ ಕಡಿಮೆಯಾಗಿದೆ. ಮಾಮೂಲಿಯಾಗಿ ಕುತ್ತಿಗೆಯ ರಕ್ತನಾಳದಲ್ಲಿರುವ ಒತ್ತಡ ನೋಡುವ ನರಗಳು ಕ್ಷಣದಲ್ಲಿ ಹೃದಯವನ್ನು ಓಡಿಸಿ ಇದನ್ನು ಸರಿಮಾಡುತ್ತವೆ. ಇವತ್ತು ಅವುಗಳ ಕೈಯಲ್ಲಿ ಆಗಲಿಲ್ಲ. ಜಾತ್ರೆಯಲ್ಲಿ, ಮದುವೆ ಸಾಲಿನಲ್ಲಿ, ಶಾಲೆಯ ಮೈದಾನದಲ್ಲಿ ಬವಳಿ ಬಂದು ಬೀಳುವವರಲ್ಲಿ ಬಹಳ ಮಂದಿ ಇದೇ ಗುಂಪು. ಮಲಗಿಸಿ, ಕಾಲು ಎತ್ತರಿಸಿ, ಕುಡಿಯಲು ಕೊಡಿ. ಐದು ಹತ್ತು ನಿಮಿಷದಲ್ಲಿ ತಾವೇ ಏಳುತ್ತಾರೆ. ಬಿಪಿ ಮೆಷಿನ್ ಇದ್ದರೆ ಮಲಗಿದಾಗ ಒಮ್ಮೆ, ನಿಂತು ಮೂರು ನಿಮಿಷದೊಳಗೆ ಒಮ್ಮೆ ನೋಡಿ, ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಬಿದ್ದರೆ ದೋಷ ಇಲ್ಲೇ ಇದೆ.

ನೀರೋ, ಉಪ್ಪೋ?

ಇಲ್ಲೇ ಜನ ಜಾಸ್ತಿ ಎಡವುವುದು. ನೀರು ಕಡಿಮೆಯಾದರೆ ರಕ್ತ ಗಟ್ಟಿಯಾಗುತ್ತಾ ಬರುತ್ತದೆ, ಆ ಗಾಢತೆ ಶೇ 1ರಿಂದ 2ರಷ್ಟು ಏರಿದರೂ ಮೆದುಳಿಗೆ ಗೊತ್ತಾಗುತ್ತದೆ. ಅದು ಬಾಯಾರಿಕೆ ಹುಟ್ಟಿಸುತ್ತದೆ, ಮೂತ್ರದಲ್ಲಿ ನೀರು ಬಿಡಬೇಡ ಅಂತ ಎಡಿಎಚ್ ಹಾರ್ಮೋನ್ ಮೂಲಕ ಕಿಡ್ನಿಗೆ ಹೇಳುತ್ತದೆ. ಹಾಗಾಗಿ ನೀರಿನ ಕೊರತೆ ಪತ್ತೆ ಮಾಡುವುದು ಸುಲಭ: ಬಾಯಿ ಒಣಗಿದೆ, ಮೂತ್ರ ಕಡು ಹಳದಿ, ಬೆಳಿಗ್ಗೆಯಿಂದ ಒಂದೇ ಸಲ ಹೋಗಿದ್ದಾರೆ. ವಯಸ್ಸಾದವರಲ್ಲಿ ಮಾತ್ರ ಈ ಬಾಯಾರಿಕೆಯ ಗಂಟೆ ಸರಿಯಾಗಿ ಬಾರಿಸುವುದಿಲ್ಲ. "ಅಜ್ಜಿ, ನೀರು ಬೇಕಾ?" ಅಂದರೆ "ಬ್ಯಾಡಪ್ಪಾ" ಅನ್ನುತ್ತಾರೆ, ಸಾಯಂಕಾಲದ ಹೊತ್ತಿಗೆ ನಾಲಿಗೆ ಒಣಗಿ ಕೊರಡಾಗಿರುತ್ತದೆ. ಅವರನ್ನು ಕೇಳಬೇಡಿ, ಲೋಟ ಕೈಗೆ ಕೊಟ್ಟುಬಿಡಿ.

ಉಪ್ಪಿನದು ಗುಪ್ತ ದೋಷ. ರಕ್ತದಲ್ಲಿ ಸೋಡಿಯಂ (ಉಪ್ಪಿನಲ್ಲಿರುವ ಅಂಶ) ಲೀಟರಿಗೆ 135ರಿಂದ 145 ಮಿಲಿಮೋಲ್ ಮಧ್ಯೆ ಇರಬೇಕು. ಬೆವರಿನಲ್ಲಿ ನೀರೂ ಉಪ್ಪೂ ಎರಡೂ ಹೋಗಿರುತ್ತವೆ, ನಾವು ನೀರನ್ನು ಮಾತ್ರ ವಾಪಸ್ ಕೊಡುತ್ತೇವೆ. ಬಿಸಿಲಿದೆ, ನೀರು ಕುಡಿ ಕುಡಿ ಅಂತ ಎಲ್ಲರೂ ಹೇಳಿದ್ದನ್ನು ನಂಬಿ ಗಂಟೆಗೆ ಎರಡು ಲೀಟರ್ ಇಳಿಸಿದವರ ಕಿಡ್ನಿ ಅಷ್ಟನ್ನು ಹೊರಹಾಕಲಾರದು, ಅದರ ಮಿತಿ ಗಂಟೆಗೆ ಸುಮಾರು ಒಂದು ಲೀಟರ್. ಉಳಿದ ನೀರು ರಕ್ತವನ್ನು ತೆಳು ಮಾಡುತ್ತದೆ, ಮೆದುಳಿನ ಕೋಶಗಳು ನೀರು ಹೀರಿ ಊದಿಕೊಳ್ಳುತ್ತವೆ. ತಲೆನೋವು, ವಾಂತಿ, ಮಂಕು, ಕೊನೆಗೆ ಫಿಟ್ಸ್. ನೋಡುವವರಿಗೆ ಇದು ಥೇಟ್ ನೀರಿನ ಕೊರತೆಯ ಹಾಗೇ ಕಾಣುತ್ತದೆ, ಇನ್ನಷ್ಟು ನೀರು ಕುಡಿಸುತ್ತಾರೆ. ಸುಳಿವು ಎಲ್ಲಿದೆ ಅಂದರೆ, ನೀರು ಚೆನ್ನಾಗಿ ಕುಡಿದಿದ್ದಾರೆ, ಆದರೂ ಕೆಡುತ್ತಿದ್ದಾರೆ. ಬಾಯಾರಿಕೆ ಇಲ್ಲ. ಮೂತ್ರ ನೀರಿನ ಹಾಗೆ ತಿಳಿಯಾಗಿಯೂ ಇರಬಹುದು. ಕೆಲವರಿಗೆ ಬೆರಳ ಉಂಗುರ ಬಿಗಿಯಾಗಿರುತ್ತದೆ. ಬಿಪಿಗೆ ಅಂತ ಮೂತ್ರ ಜಾಸ್ತಿ ಹೋಗಿಸುವ ಮಾತ್ರೆ ತೆಗೆದುಕೊಳ್ಳುವ ವಯಸ್ಸಾದವರಲ್ಲಿ ಇದು ಬಿಸಿಲಲ್ಲಿ ದುಡಿಯದೇನೇ ಬರಬಹುದು. ಇಂಥವರಿಗೆ ಬರೀ ನೀರು ನಿಲ್ಲಿಸಿ, ಮಂಕು ಅಥವಾ ವಾಂತಿ ಇದ್ದರೆ ಆಸ್ಪತ್ರೆಗೆ ಒಯ್ಯಿರಿ, ರಕ್ತದ ಸೋಡಿಯಂ ನೋಡದೆ ಮನೆಯಲ್ಲಿ ಇದನ್ನು ತೀರ್ಮಾನ ಮಾಡಲು ಬರುವುದಿಲ್ಲ.

ದುಡಿದು ಬಂದ ಮೇಲೆ ಮೀನಖಂಡ, ಹೊಟ್ಟೆ ಕಿವುಚಿದಂತೆ ಸೆಳೆತ ಬರುವುದು ಇದರ ಹಗುರ ರೂಪ. ಮಜ್ಜಿಗೆಗೆ ಉಪ್ಪು ಹಾಕಿ ಕೊಡಿ, ಅಂಬಲಿ ಕೊಡಿ, ಸ್ನಾಯು ಎಳೆದು ಹಿಡಿಯಿರಿ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ, ಸೋಡಿಯಂ ಕಡಿಮೆ. ಬೆವರಿನ ನಷ್ಟ ಅದೊಂದರಿಂದಲೇ ತುಂಬುವುದಿಲ್ಲ. ಕಿಡ್ನಿ ತೊಂದರೆ ಇದ್ದವರು ಅದನ್ನು ಡಾಕ್ಟರನ್ನು ಕೇಳದೆ ಕುಡಿಯಬಾರದು.

ಓಆರ್‌ಎಸ್ (ನೀರಿನಲ್ಲಿ ಕಲಸಿ ಕುಡಿಯುವ ಉಪ್ಪು, ಗ್ಲೂಕೋಸ್ ಪುಡಿ) ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದರೆ ಇದನ್ನು ಜನ ತಪ್ಪಾಗಿ ಕಲಸುತ್ತಾರೆ. ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಬಂದರೆ ಮಾತ್ರ ತೆರೆಯುವ ಒಂದು ದಾರಿ ಇದೆ, ಅವೆರಡು ಒಳಗೆ ಹೋದರೆ ನೀರು ತಾನಾಗಿ ಹಿಂಬಾಲಿಸುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಮುಗಿದುಹೋದಾಗ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮಿನಿಂದ ಕುಡಿಸಿ ಸಾವಿನ ಪ್ರಮಾಣವನ್ನು ಶೇ 30ರ ಆಸುಪಾಸಿನಿಂದ ಶೇ 4ಕ್ಕಿಂತ ಕೆಳಗೆ ತಂದದ್ದು ಇದೇ ದಾರಿಯಿಂದ. ಈಗಿನ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪ್ಯಾಕೆಟ್‌ನಲ್ಲಿ 20.5 ಗ್ರಾಂ ಪುಡಿ ಇರುತ್ತದೆ, ಅದು ಒಂದು ಲೀಟರ್ ನೀರಿಗೆ. ಇಡೀ ಪ್ಯಾಕೆಟ್ ಒಂದು ಲೋಟಕ್ಕೆ ಸುರಿದರೆ ಉಪ್ಪು ಐದು ಪಟ್ಟು. 200 ಮಿಲಿಗೆ ಅಂತ ಸಣ್ಣ ಪ್ಯಾಕೆಟ್ ಕೂಡ ಬರುತ್ತದೆ, ಹಾಗಾಗಿ ಮೇಲೆ ಬರೆದಿದ್ದನ್ನು ಓದಿ. ಅಂಗಡಿಯ ಸಿಹಿ ಟೆಟ್ರಾ ಪ್ಯಾಕ್ ಪಾನೀಯಗಳು ಇದಲ್ಲ, ಅವುಗಳಲ್ಲಿ ಸಕ್ಕರೆ ಜಾಸ್ತಿ, ಅತಿಯಾದ ಸಕ್ಕರೆ ಕರುಳಿನ ಒಳಕ್ಕೇ ನೀರು ಎಳೆದುಕೊಳ್ಳುತ್ತದೆ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ದುಡಿಯುವಾಗ ಒಮ್ಮೆಗೇ ಗಟಗಟ ಕುಡಿಯುವುದಕ್ಕಿಂತ 15–20 ನಿಮಿಷಕ್ಕೊಂದು ಲೋಟ ವಾಸಿ.

ತಣ್ಣನೆ ಬೆವರು: ಸಕ್ಕರೆ ನೋಡಿ

ಸೆಖೆಯ ಬೆವರಿನಲ್ಲಿ ಚರ್ಮ ಬೆಚ್ಚಗಿರುತ್ತದೆ. ಚರ್ಮ ತಣ್ಣಗೆ ಜಿಗುಟಾಗಿದ್ದು, ಕೈ ನಡುಗುತ್ತಾ, ಹಸಿವಾಗುತ್ತಾ ಬೆವರು ಬಂದರೆ, ಅದರಲ್ಲೂ ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಬಿಸಿಲಿಗೆ ಊಟ ಸೇರಲಿಲ್ಲ ಅಂತ ಬಿಟ್ಟವರಾದರೆ, ಗ್ಲುಕೋಮೀಟರ್ ಇದ್ದರೆ ಚುಚ್ಚಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕೊಡಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ. ಮೆಷಿನ್ ಇಲ್ಲದಿದ್ದರೆ ಪರೀಕ್ಷೆಗೆ ಕಾಯದೆ ಸಕ್ಕರೆ ಕೊಡಿ, ಎಚ್ಚರ ಇದ್ದರೆ ಮಾತ್ರ. ಆ ನಡುಕ, ಎದೆ ಬಡಿತ ಅಡ್ರಿನಲಿನ್ ಹೊಡೆಸುವ ಎಚ್ಚರಿಕೆ, ಬೆವರು ನರಗಳು ಹೊಡೆಸುವ ಎಚ್ಚರಿಕೆ. ಬೀಟಾ ಬ್ಲಾಕರ್ ಅನ್ನುವ ಹೃದಯದ ಮಾತ್ರೆ ನುಂಗುವವರಲ್ಲಿ ನಡುಕ, ಬಡಿತ ಎರಡೂ ಮರೆಯಾಗಬಹುದು, ಬೆವರೊಂದೇ ಸುಳಿವಾಗಿ ಉಳಿಯುತ್ತದೆ. ಗ್ಲಿಮಿಪಿರೈಡ್ ಥರದ ಶುಗರ್ ಮಾತ್ರೆಯವರಿಗೆ ಸಕ್ಕರೆ ಒಮ್ಮೆ ಏರಿದ ಮೇಲೆ ಗಂಟೆಗಳ ನಂತರ ಮತ್ತೆ ಬೀಳಬಹುದು, ಅವರನ್ನು ಒಂಟಿಯಾಗಿ ಬಿಡಬೇಡಿ.

ಪದೇ ಪದೇ ಆಗುತ್ತಿದ್ದರೆ

ಮೊದಲು ಮಾತ್ರೆ ಡಬ್ಬಿ ತೆರೆಸಿ. ಮೂತ್ರ ಹೋಗಿಸುವ ಮಾತ್ರೆ, ಅಲರ್ಜಿಯ ಕೆಲವು ಹಳೆಯ ಮಾತ್ರೆಗಳು, ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳು ನೀರು ಇಳಿಸುತ್ತವೆ ಅಥವಾ ಬೆವರನ್ನೇ ತಡೆಯುತ್ತವೆ. ನೀವಾಗಿಯೇ ನಿಲ್ಲಿಸಬೇಡಿ, ಬೇಸಿಗೆಗೆ ಡೋಸ್ ಬದಲಿಸಬೇಕಾ ಅಂತ ಡಾಕ್ಟರನ್ನು ಕೇಳಿ.

ಆಮೇಲೆ ರೂಢಿ. ಬಿಸಿಲಿಗೆ ಮೈ ಒಗ್ಗಲು ಒಂದರಿಂದ ಎರಡು ವಾರ ಬೇಕು. ಒಗ್ಗಿದ ಮೈ ಬೇಗ ಬೆವರುತ್ತದೆ, ಜಾಸ್ತಿ ಬೆವರುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆ ಬಿಡುತ್ತದೆ. ಬೆಂಗಳೂರಿನ ಏಸಿ ಆಫೀಸಿನಿಂದ ಮೇ ತಿಂಗಳ ಮದುವೆಗೆ ರಾಯಚೂರಿಗೆ ಬಂದವರು ಅಲ್ಲಿಯ ಅಣ್ಣತಮ್ಮಂದಿರ ಜೊತೆ ಸರಿಸಮ ಓಡಾಡಿ ಮಲಗುವುದು ಇದಕ್ಕೇ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನ ಐದನೇ ಒಂದು ಭಾಗ ಕೆಲಸ, ದಿನಕ್ಕೆ ಅಷ್ಟಷ್ಟೇ ಏರಿಸುವುದು ಸರಿಯಾದ ಲೆಕ್ಕ, ನಮ್ಮಲ್ಲಿ ಗುತ್ತಿಗೆದಾರರು ಇದನ್ನು ಕೇಳಿದರೆ ನಗುತ್ತಾರೆ. ಸರ್ಕಾರಿ ಕಚೇರಿಗಳಿಗೆ ಕಲಬುರಗಿ ವಿಭಾಗದಲ್ಲಿ, ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್, ಮೇಗೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ವೇಳೆ ಮಾಡುತ್ತಾರೆ. ಫ್ಯಾನಿನ ಕೆಳಗೆ ಕೂತವರಿಗೆ ಇರುವ ಈ ವೇಳಾಪಟ್ಟಿ ಸ್ಲ್ಯಾಬ್ ಮೇಲೆ ನಿಂತವರಿಗೂ ಬೇಕಲ್ವಾ?

ಫ್ಯಾನ್ ಅಂದ ಮೇಲೆ ನೆನಪಾಯಿತು. ಕೋಣೆ 40 ಡಿಗ್ರಿ ದಾಟಿದರೆ ಒಣ ಮೈಗೆ ಫ್ಯಾನ್ ಬಿಸಿ ಗಾಳಿಯನ್ನೇ ತಂದು ತುಂಬುತ್ತದೆ. ತಗಡಿನ ಮನೆಯಲ್ಲಿ ಅಜ್ಜನನ್ನು ಫ್ಯಾನಿನ ಕೆಳಗೆ ಮಲಗಿಸಿ ನಿಶ್ಚಿಂತೆಯಾಗಿ ಹೋಗಬೇಡಿ, ಒದ್ದೆ ಪಂಚೆ ಹೊದಿಸಿ ಆಮೇಲೆ ಫ್ಯಾನ್ ಹಾಕಿ.

ಹೀಟ್ ಸ್ಟ್ರೋಕ್ ಆಗಿ ತಣ್ಣಗಾದ ಮೇಲೆ ಎದ್ದು ಕೂತು ಆರಾಮಾಗಿದ್ದೇನೆ ಅಂದವರನ್ನೂ ಆಸ್ಪತ್ರೆಗೆ ಒಯ್ಯಲೇಬೇಕು. ಬೆಂದ ಸ್ನಾಯುವಿನ ಚೂರುಗಳು ರಕ್ತಕ್ಕೆ ಸೇರಿ ಕಿಡ್ನಿಯನ್ನು ಕಟ್ಟುವುದು, ಲಿವರ್ ಸೋಲುವುದು ಕಾಣಿಸಿಕೊಳ್ಳುವುದು ಒಂದೆರಡು ದಿನದ ಮೇಲೆ. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಅಥವಾ ನಿಂತೇಹೋದರೆ ಆ ಹೊತ್ತಿಗೇ ಹೊರಡಿ. ಮತ್ತೆ ಬಿಸಿಲಿನ ಕೆಲಸಕ್ಕೆ ಯಾವಾಗ ಅನ್ನುವುದು ರಕ್ತದ ವರದಿ ಪೂರ್ತಿ ಸರಿಹೋದ ಮೇಲಿನ ಮಾತು, ಹೋಗುವಾಗಲೂ ಹೊಸಬರ ಹಾಗೆ ಸ್ವಲ್ಪ ಸ್ವಲ್ಪವೇ ಶುರುಮಾಡಬೇಕು.